ಸರಳ ಅಂದರೇನು?

"ಸರಳವಾಗಿ ಬದುಕಿ" ಅಂತ ರೈತನಿಗೆ ಬುದ್ಧಿ ಹೇಳದ ಭಾಷಣವೇ ಇಲ್ಲ. ಹಾಗೆ ಹೇಳುವ ಹೆಚ್ಚಿನವರ ಲೆಕ್ಕದಲ್ಲಿ ಸರಳ ಅಂದರೆ ಒಂದೋ ಬಡತನ, ಇಲ್ಲಾ ಸುಲಭ. ನನ್ನ ಮಟ್ಟಿಗೆ ಎರಡೂ ತಪ್ಪು.

ಇದು ಸಂಸ್ಕೃತದಿಂದ ಬಂದ ಮಾತು. ಅಲ್ಲಿ 'ಸರಲ' ಅಂದರೆ ನೆಟ್ಟಗಿರೋದು, ಸೊಟ್ಟ ಇಲ್ಲದ್ದು. ಹಿಮಾಲಯದ ಕಡೆ ನೆಟ್ಟಗೆ ಬೆಳೆಯುವ ಪೈನ್ ಮರಕ್ಕೂ ಅದೇ ಹೆಸರು, ಕಪಟ ಇಲ್ಲದ ಮನುಷ್ಯನಿಗೂ ಅದೇ. (ಹಳಗನ್ನಡದಲ್ಲಿ ಬಾಣಕ್ಕೆ ಸರಳ್ ಅಂತಿದ್ದರು. ನಂಟಿದೆ ಅಂತ ನಾನು ಹೇಳ್ತಿಲ್ಲ, ಆದರೆ ಅದೂ ನೆಟ್ಟಗೇ ಇರುತ್ತೆ ನೋಡಿ.) ನಾವು ಬಾಯಲ್ಲಿ ಆಡುವ 'ಸಾದಾ' ಫಾರಸಿಯದು.

ನಮ್ಮ ಕೂರಿಗೆಯನ್ನೇ ತಗೊಳ್ಳಿ. ಮರದ ಬಟ್ಟಲು, ಬಿದಿರ ಕೊಳವೆ, ಎರಡು ಎತ್ತು. ನೋಡೋಕೆ ಸಾದಾ. ಆದರೆ ಬೀಜ ಬಿಡುವ ಕೈ ಒಂದೇ ಸಮ ಬಿಡಬೇಕು, ಎತ್ತು ಹೊಡೆಯೋನ ಕಣ್ಣು ಆಚೆ ಬದುವಿನ ಮೇಲಿರಬೇಕು. ಸಾಲು ಸೊಟ್ಟಾದರೆ ಮುಂದೆ ಎಡೆಕುಂಟೆ ಪೈರನ್ನೇ ಕೀಳುತ್ತೆ. ನೇರ ಬಂದರೆ ಕಳೆ ತೆಗೆಯುವ ಕೂಲಿ ಎಷ್ಟೋ ಉಳಿಯುತ್ತೆ. ರಾಗಿ ನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬೇರೆ. ಇದು ಕೈಗೆ ಕೂಡಲು ವರ್ಷಗಳೇ ಬೇಕು. ಇದನ್ನು ಹಳೇದು ಅಂತ ತಳ್ಳಿ, ಕಳೆನಾಶಕವನ್ನು "ಸರಳ ಉಪಾಯ" ಅಂತ ಮಾರ್ತಾರೆ. ರಾಗಿಯಲ್ಲಿ ಅಗಲ ಎಲೆಯ ಕಳೆಗೆಂದು ಹೊಡೆಯುವ 2,4-ಡಿ ನಮ್ಮ ಅವರೆಯನ್ನೂ ಬಿಡೋದಿಲ್ಲ.

ಈ ಪದ ಸರಿಯಾದ ಅರ್ಥದಲ್ಲಿ ಉಳಿದಿರೋದು ಲೆಕ್ಕದ ಪುಸ್ತಕದಲ್ಲಿ. ನಾನು ಓದಿದ್ದು ಏಳನೇ ಕ್ಲಾಸು, ಆದರೂ ಸರಳ ಬಡ್ಡಿ, ಚಕ್ರಬಡ್ಡಿ ಮರೆತಿಲ್ಲ. 10,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ 2 ರೂಪಾಯಿ, ಅಂದರೆ ವರ್ಷಕ್ಕೆ 24. ಐದು ವರ್ಷಕ್ಕೆ ಸರಳ ಬಡ್ಡಿಯಲ್ಲಿ ಅಸಲೂ ಸೇರಿ 22,000. ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುವ ಚಕ್ರಬಡ್ಡಿಯಾದರೆ 29,316. ಒಂದು ನೆಟ್ಟಗೆ ಹೋಗುತ್ತೆ, ಇನ್ನೊಂದು ಕೊರಳಿಗೆ ಸುತ್ತುತ್ತೆ.

ನಮಗೆ ಸರಳ ಬದುಕು ಬೋಧಿಸೋರು ಮೊದಲು ಸಾಲದ ಕಾಗದವನ್ನು ಸರಳಗನ್ನಡದಲ್ಲಿ ಬರೆಯಲಿ. ಒಂದು ಕಡೆ ನನ್ನ ಮುಂದೆ ಇಟ್ಟದ್ದು ಹನ್ನೊಂದು ಪುಟ, ಪೂರಾ ಇಂಗ್ಲಿಷು. ಬಡ್ಡಿ ಯಾವ ಬಗೆಯದು ಸ್ವಾಮಿ ಅಂದರೆ, "ಎಲ್ಲಾ ಸಿಂಪಲ್ಲು, ಇಲ್ಲಿ ಸೈನ್ ಹಾಕಿ" ಅಂದರು. ನೀವು ಹೋದಾಗ ಇಷ್ಟನ್ನು ಕನ್ನಡದಲ್ಲಿ ಬರೆಸಿಕೊಳ್ಳಿ: ಬಡ್ಡಿ ಸರಳವೋ ಚಕ್ರವೋ, ಚಕ್ರವಾದರೆ ಎಷ್ಟು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತೆ.