ಲೆಕ್ಕ ಪಕ್ಕಾ: ಚಕ್ರ ಗುಂಯ್ ಅಂದ್ರೆ ಕಿವಿ ಕೊಡಿ

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಸಂಬಳ, ಗ್ರಾಚ್ಯುಟಿ, ಊರಿಗೆ ಹಣ ಕಳಿಸೋದು ಇಂಥ ವಿಷಯ ಬರೀತೇವೆ. ಈ ಸಲ ಬೇರಿಂಗ್. ಲೆಕ್ಕ ಬರೆಯೋರಿಗೂ ಬೇರಿಂಗಿಗೂ ಏನು ಸಂಬಂಧ ಅಂತ ನಗಬೇಡಿ. ಗಾಡಿ ರಿಪೇರಿಯ ಬಿಲ್ಲು ಕೊನೆಗೆ ಬರೋದು ನಮ್ಮಂಥವರ ಮೇಜಿಗೇ. ಅದೇ ಬಿಲ್ಲು ಕೆಲವೊಮ್ಮೆ ಡ್ರೈವರ್ ಸಂಬಳದ ಚೀಟಿಯಲ್ಲೂ ಕಾಣಿಸಿಕೊಳ್ಳುತ್ತೆ. ದೋಹಾದಲ್ಲಿ ಡೆಲಿವರಿ ಬೈಕ್, ಪಿಕಪ್, ಲೇಬರ್ ಬಸ್ ಓಡಿಸುವ ನಮ್ಮವರು ಬಹಳ ಮಂದಿ. ಅವರು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಗ್ಯಾರೇಜಿನವರನ್ನು ವಿಚಾರಿಸಿ ಉತ್ತರ ಹೊಂದಿಸಿದ್ದೇವೆ.

ಬೇರಿಂಗ್ ಅಂದ್ರೆ ಒಳಗೆ ಏನಿರುತ್ತೆ?

ಎರಡು ಉಕ್ಕಿನ ಬಳೆ, ಒಂದರೊಳಗೆ ಒಂದು. ನಡುವೆ ಉಕ್ಕಿನ ಗೋಲಿಗಳು. ಗೋಲಿಗಳು ಒಂದಕ್ಕೊಂದು ತಾಗದಂತೆ ಒಂದು ಪಂಜರ. ಸ್ವಲ್ಪ ಗ್ರೀಸು. ಇಷ್ಟೇ. ಸೈಟಿನಲ್ಲಿ ಭಾರದ ಜನರೇಟರನ್ನು ನೆಲದ ಮೇಲೆ ಎಳೆದರೆ ಹತ್ತು ಜನ ಬೇಕು. ಕೆಳಗೆ ನಾಲ್ಕು ಪೈಪ್ ಇಟ್ಟು ಉರುಳಿಸಿದರೆ ಮೂರು ಜನ ಸಾಕು. ಉಜ್ಜೋದಕ್ಕಿಂತ ಉರುಳೋದು ಸುಲಭ, ಬೇರಿಂಗಿನ ಗುಟ್ಟೂ ಅದೇ.

ಊರಿನ ಹಳೇ ಎತ್ತಿನ ಗಾಡಿಗೆ ಬೇರಿಂಗ್ ಇರಲಿಲ್ಲ. ಅಚ್ಚಿನ ಮೇಲೆ ಗುಂಬ ಉಜ್ಜಿಕೊಂಡೇ ತಿರುಗಬೇಕಿತ್ತು. ಅದಕ್ಕೇ ಗಾಡಿ ಹೂಡುವ ಮೊದಲು ಕೀಲೆಣ್ಣೆ ಹಾಕ್ತಿದ್ದರು. ಈಗಿನ ಬೇರಿಂಗಿಗೆ ಕೀಲೆಣ್ಣೆಯನ್ನು ಕಾರ್ಖಾನೆಯಲ್ಲೇ ತುಂಬಿ ಸೀಲ್ ಮಾಡಿರ್ತಾರೆ. ಸೀಲ್ ಕೆಟ್ಟು ಮಣ್ಣು ನೀರು ಒಳಗೆ ಹೋಯಿತೋ, ಬೇರಿಂಗಿನ ಆಯಸ್ಸು ಮುಗಿಯೋಕೆ ಶುರು.

ಕೆಟ್ಟಿದೆ ಅಂತ ಹೇಗೆ ತಿಳಿಯೋದು?

ಬೇರಿಂಗ್ ಸಾಮಾನ್ಯವಾಗಿ ಹೇಳಿಯೇ ಹೋಗುತ್ತೆ. ಮೊದಲು ಸಣ್ಣ ಗುಂಯ್ ಸದ್ದು. ವೇಗ ಹೆಚ್ಚಿದಂತೆ ಸದ್ದೂ ಏರುತ್ತೆ. ಗೇರ್ ಬದಲಿಸಿದರೂ ಸದ್ದು ಬದಲಾಗದಿದ್ದರೆ ಅದು ಇಂಜಿನ್ನಿನದಲ್ಲ, ಚಕ್ರದ ಕಡೆಯದು. ರಸ್ತೆ ನುಣುಪಾದ ಕೂಡಲೇ ಕಮ್ಮಿಯಾದರೆ ಟೈರಿನ ಸದ್ದು ಇರಬಹುದು. ಉದ್ದನೆಯ ತಿರುವಿನಲ್ಲಿ ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಕ್ಕೆ ಬೀಳುತ್ತೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ ಪಡಿ. ಬಲಕ್ಕೆ ತಿರುಗಿದಾಗ ಜೋರಾದರೆ ಎಡಗಡೆಯದು.

ಗ್ಯಾರೇಜಿನಲ್ಲಿ ಜಾಕ್ ಹಾಕಿ ಎತ್ತಿದ ಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸ್ತಾರೆ. ಲಟಕ್ ಅಂತ ಆಟ ಸಿಕ್ಕರೆ ಬೇರಿಂಗೋ, ಅದರ ಪಕ್ಕದ ಜಾಯಿಂಟೋ ಸವೆದಿದೆ ಅಂತ ಅರ್ಥ. ಬೈಕಾದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಅಡ್ಡಕ್ಕೆ ತಳ್ಳಿ ನೋಡಿ. ಆಮೇಲೆ ಕೈಯಲ್ಲೇ ಮೆಲ್ಲಗೆ ತಿರುಗಿಸಿ. ಮರಳು ಅರೆದಂತೆ ಗರಗರ ಅಂದರೆ ತಡ ಮಾಡ್ಬೇಡಿ.

ಗಾಡಿ ನಿಲ್ಲಿಸಿದಾಗ ಒಂದು ಚಕ್ರದ ನಡುಭಾಗ ಮಾತ್ರ ಬಿಸಿ ಸೂಸುತ್ತಿದ್ದರೂ ತೋರಿಸಬೇಕು. ಬೇರಿಂಗ್ ಆಗಿರಬಹುದು, ಹಿಡಿದುಕೊಂಡ ಬ್ರೇಕ್ ಆಗಿರಬಹುದು. ಎರಡೂ ಅಪಾಯವೇ. ಮುಟ್ಟಿ ನೋಡಲು ಹೋಗಬೇಡಿ, ಕೈ ಸುಟ್ಟೀತು.

ಸದ್ದಿದ್ದರೂ ಗಾಡಿ ಓಡ್ತಾ ಇದೆಯಲ್ಲ, ಇನ್ನೆಷ್ಟು ದಿನ ಓಡಿಸಬಹುದು?

ಇದಕ್ಕೆ ಲೆಕ್ಕ ಇಲ್ಲ. ಕೆಲವು ವಾರಗಟ್ಟಲೆ ಗುಂಯ್ ಅಂತಲೇ ಇರುತ್ತವೆ, ಕೆಲವು ಬೇಗ ಕೈ ಕೊಡುತ್ತವೆ. ಪೂರ್ತಿ ಕೆಟ್ಟರೆ ಚಕ್ರ ಬಿಗಿ ಹಿಡಿಯಬಹುದು, ಕಳಚಿಯೂ ಹೋಗಬಹುದು. ದುಖಾನ್ ರಸ್ತೆಯಲ್ಲಿ ನೂರರ ವೇಗದಲ್ಲಿ ಬೈಕಿನ ಮುಂದಿನ ಚಕ್ರ ಹಿಡಿದರೆ ಏನಾಗುತ್ತೆ ಅಂತ ನಾವು ಬರೆಯಬೇಕಿಲ್ಲ.

ದುಡ್ಡಿನ ಲೆಕ್ಕವೂ ಅಷ್ಟೇ. ಬೇಗ ತೋರಿಸಿದರೆ ಬೇರಿಂಗ್ ಮತ್ತು ಕೂಲಿ. ತಡವಾದರೆ ಹಬ್, ಆ್ಯಕ್ಸಲ್, ಎಬಿಎಸ್ ಸೆನ್ಸರ್ ಎಲ್ಲ ಸೇರಿಕೊಳ್ಳಬಹುದು.

ಫಾಹೆಸ್‌ನಲ್ಲಿ ಪಾಸಾಗಿ ಇಸ್ತಿಮಾರಾ ಆಗಿದೆಯಲ್ಲ ಅಂತ ಸಮಾಧಾನ ಬೇಡ. ಅಲ್ಲಿ ನೋಡೋದು ಆ ದಿನದ ಸ್ಥಿತಿ. ಮರುತಿಂಗಳು ಸೀಲ್ ಕೆಟ್ಟರೆ ಫಾಹೆಸ್ ಏನು ಮಾಡೀತು?

ಲೇಬರ್ ಬಸ್ಸಿನಲ್ಲಿ ಕೂತು ಹೋಗುವವರಿಗೂ ಒಂದು ಮಾತು. ನಿಮ್ಮ ಸೀಟಿನ ಕೆಳಗಿನ ಚಕ್ರದ ಸದ್ದು ಡ್ರೈವರಿಗೆ ಕೇಳಿಸದೆ ಇರಬಹುದು. ನೀವೇ ಹೇಳಿ.

ಇಲ್ಲಿ ಬೇರಿಂಗ್ ಬೇಗ ಹೋಗೋದು ಯಾಕೆ?

ಮುಖ್ಯ ಶತ್ರು ಮರಳು. ಹಿಟ್ಟಿನಂಥ ಧೂಳು ಸೀಲಿನ ಅಂಚಿನಲ್ಲಿ ಸೇರಿ ಒಳಗಿನ ಗ್ರೀಸನ್ನು ಅರೆಯುವ ಪೇಸ್ಟಿನಂತೆ ಮಾಡುತ್ತೆ. ಎರಡನೆಯದು ಪ್ರೆಶರ್ ವಾಷ್. ಪೈಪಿನ ಮೂತಿಯನ್ನು ನೇರ ಚಕ್ರದ ನಡುವಿಗೆ ಹಿಡಿದರೆ ನೀರು ಸೀಲ್ ದಾಟಿ ಒಳಗೆ ಹೋಗುತ್ತೆ. ಬೈಕ್ ತೊಳೆಯುವವರು ದೂರದಿಂದ ತೊಳೆಯಲಿ. ಮೂರನೆಯದು ಓವರ್‌ಲೋಡ್, ನಾಲ್ಕನೆಯದು ಫುಟ್‌ಪಾತಿನ ಅಂಚಿಗೆ ಚಕ್ರ ಹತ್ತಿಸೋದು.

ಐದನೆಯದು ಗ್ಯಾರೇಜಿನ ಕೆಲಸದ ರೀತಿ. ಹೊರಗಿನ ಬಳೆಯನ್ನು ಕೂರಿಸಬೇಕಾದ ಕಡೆ ಒಳಗಿನ ಬಳೆಗೆ ಸುತ್ತಿಗೆಯಿಂದ ಬಡಿದರೆ ಪೆಟ್ಟು ಗೋಲಿಗಳ ಮೂಲಕ ಹಾದು, ಅವು ಉರುಳುವ ದಾರಿಯಲ್ಲಿ ಸಣ್ಣ ತಗ್ಗು ಬೀಳುತ್ತೆ. ಹೊಸ ಬೇರಿಂಗ್ ಹಾಕಿದ ಕೆಲವೇ ದಿನದಲ್ಲಿ ಸದ್ದು ಬಂದರೆ ಇದೂ ಒಂದು ಕಾರಣ ಇರಬಹುದು. ಪ್ರೆಸ್ಸಿನಲ್ಲಿ ಕೂರಿಸ್ತೀರಾ ಅಂತ ಮೊದಲೇ ಕೇಳಿ.

ಅಂಗಡಿಯಲ್ಲಿ ಏನಂತ ಕೇಳಬೇಕು?

ನಂಬರ್ ಹೇಳಿ. ಹಳೇ ಬೇರಿಂಗಿನ ಅಂಚಿನಲ್ಲೇ ಕೊರೆದಿರುತ್ತೆ. ಬೈಕ್ ಚಕ್ರಗಳಲ್ಲಿ 6201, 6202, 6301, 6302 ಇಂಥವು ಸಾಮಾನ್ಯ. ಕೊನೆಯ ಎರಡಂಕಿ ಒಳತೂತಿನ ಅಳತೆ. 00 ಅಂದ್ರೆ 10 ಮಿ.ಮೀ., 01 ಅಂದ್ರೆ 12, 02 ಅಂದ್ರೆ 15, 03 ಅಂದ್ರೆ 17. ಅಲ್ಲಿಂದ ಮುಂದೆ ಐದರಿಂದ ಗುಣಿಸಿ: 04 ಅಂದ್ರೆ 20, 05 ಅಂದ್ರೆ 25. 6201 ಮತ್ತು 6301 ಎರಡಕ್ಕೂ ತೂತು 12 ಮಿ.ಮೀ. ಆದರೂ ಹೊರಗಿನ ಅಳತೆ ಮೊದಲನೆಯದಕ್ಕೆ 32, ಎರಡನೆಯದಕ್ಕೆ 37. ಅದಕ್ಕೇ ಪೂರ್ತಿ ನಂಬರ್ ಬೇಕು.

ಹಿಂದೆ 2ಆರ್‌ಎಸ್ ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್. ಝಡ್‌ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ಧೂಳು ನೀರು ತಡೆಯೋದರಲ್ಲಿ ರಬ್ಬರ್ ಸೀಲೇ ಮೇಲು. ಈಗಿನ ಬಹಳಷ್ಟು ಕಾರುಗಳಲ್ಲಿ ಹಬ್ ಸಮೇತ ಒಂದೇ ಯೂನಿಟ್ ಬರುತ್ತೆ, ಅದಕ್ಕೆ ಚಾಸಿ ನಂಬರ್ ಕೊಟ್ಟು ಕೇಳಬೇಕು.

ನಕಲಿ ಮಾಲಿನ ಕಾಟ ಬೇರಿಂಗಿನಲ್ಲೂ ಇದೆ. ಹೆಸರಾಂತ ಬ್ರ್ಯಾಂಡಿನ ಡಬ್ಬ ಅರ್ಧ ಬೆಲೆಗೆ ಸಿಕ್ಕರೆ ಖುಷಿ ಪಡುವ ಮೊದಲು ಬಿಲ್ ಕೇಳಿ. ಬಿಲ್ ಕೊಡಲ್ಲ ಅಂದರೆ ಆ ಅಂಗಡಿ ಬಿಟ್ಟುಬಿಡಿ.

ಮಗನಿಗೆ ಸ್ಕೇಟ್‌ಬೋರ್ಡ್ ಕಳಿಸಬೇಕು. ಎಬಿಇಸಿ 7, ಎಬಿಇಸಿ 9 ಅಂತಾರಲ್ಲ, ಏನದು?

ಊರಿನ ಹುಡುಗರು ಗ್ಯಾರೇಜಿನಲ್ಲಿ ಬಿಸಾಡಿದ ಬೇರಿಂಗ್ ತಂದು, ಹಲಗೆಗೆ ಮೊಳೆ ಹೊಡೆದು, ಬೇರಿಂಗ್ ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡುತ್ತಿದ್ದದ್ದು ನೆನಪಿದೆಯಾ? ಸ್ಕೇಟ್‌ಬೋರ್ಡೂ ಅದೇ ಜಾತಿ. ನಾಲ್ಕು ಚಕ್ರ, ಚಕ್ರಕ್ಕೆ ಎರಡರಂತೆ ಎಂಟು ಬೇರಿಂಗ್. ಬಹುತೇಕ ಎಲ್ಲದರಲ್ಲೂ ನಂಬರ್ 608: ಒಳಗೆ 8 ಮಿ.ಮೀ., ಹೊರಗೆ 22, ದಪ್ಪ 7. ರೋಲರ್ ಸ್ಕೇಟಿಗೂ ಮಕ್ಕಳ ಸ್ಕೂಟರಿಗೂ ಸಾಮಾನ್ಯವಾಗಿ ಇದೇ.

ಎಬಿಇಸಿ ಅನ್ನೋದು 1, 3, 5, 7, 9 ಅಂತ ಇರುವ ಅಮೆರಿಕದ ಒಂದು ಅಳತೆ. ಬೇರಿಂಗನ್ನು ಎಷ್ಟು ಕರಾರುವಾಕ್ಕಾಗಿ ಕಡೆದಿದ್ದಾರೆ ಅಂತ ಮಾತ್ರ ಅದು ಹೇಳುತ್ತೆ. ಉಕ್ಕಿನ ಗಟ್ಟಿತನವನ್ನಾಗಲಿ, ಎಷ್ಟು ದಿನ ಬಾಳುತ್ತೆ ಅನ್ನೋದನ್ನಾಗಲಿ ಹೇಳೋದಿಲ್ಲ. ಮಗುವಿನ ಆಟಕ್ಕೆ 9ರ ಹೆಸರಿನಲ್ಲಿ ಹೆಚ್ಚು ರಿಯಾಲ್ ಸುರಿಯೋದು ಬೇಡ. ಉಳಿದ ದುಡ್ಡಿಗೆ ಒಳ್ಳೇ ಹೆಲ್ಮೆಟ್ ತಗೊಳ್ಳಿ. ಕಾರ್ನಿಶ್‌ನಲ್ಲಿ ಆಡುವ ಮಗುವಾದರೂ ಸರಿ, ಕಾರ್ಕಳದ ಬೀದಿಯ ಮಗುವಾದರೂ ಸರಿ.

ಬೇರಿಂಗ್ ಬಿಗಿಯಾದರೆ ಡಬ್ಲ್ಯುಡಿ-40 ಹೊಡೆದು ಬಿಡುವ ಅಭ್ಯಾಸ ಬಹಳ ಮಂದಿಗಿದೆ. ಆ ಸ್ಪ್ರೇ ಒಳಗಿನ ಗ್ರೀಸನ್ನೇ ತೊಳೆದು ಹಾಕಬಹುದು. ಎರಡು ದಿನ ಚೆನ್ನಾಗಿ ತಿರುಗಿ ಮತ್ತೆ ಬಿಗಿಯುತ್ತೆ. ಬಿಚ್ಚಿ ಶುಚಿ ಮಾಡಿ, ಪೂರ್ತಿ ಒಣಗಿಸಿ, ಒಂದೆರಡು ಹನಿ ಹೊಲಿಗೆ ಮೆಷಿನ್ನಿನ ಎಣ್ಣೆ ಹಾಕಿದರೆ ಸಾಕು.

ಕಂಪನಿ ಗಾಡಿಯ ಬೇರಿಂಗ್ ಹೋದರೆ ನಮ್ಮ ಸಂಬಳದಲ್ಲಿ ಹಿಡಿಯಬಹುದಾ?

ನಮಗೆ ಹೆಚ್ಚಾಗಿ ಬರುವ ಪ್ರಶ್ನೆ ಇದೇ. ಕತಾರಿನ ಕಾರ್ಮಿಕ ಕಾನೂನು, ಅಂದರೆ 2004ರ 14ನೇ ನಂಬರಿನ ಕಾನೂನು, ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಂಪನಿಯ ಸಾಮಾನಿಗೆ ಆದ ನಷ್ಟವನ್ನು ಕಾರ್ಮಿಕನಿಂದ ವಸೂಲಿ ಮಾಡಬೇಕಾದರೆ ಅದು ಅವನ ತಪ್ಪಿನಿಂದ ಆಗಿರಬೇಕು. ಮೊದಲು ವಿಚಾರಣೆ ನಡೆಯಬೇಕು. ಆಮೇಲೂ ಒಂದು ತಿಂಗಳಲ್ಲಿ ಏಳು ದಿನದ ಸಂಬಳಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಒಪ್ಪಿಗೆ ಇಲ್ಲದಿದ್ದರೆ, ತಿಳಿಸಿದ ಏಳು ದಿನದೊಳಗೆ ಕಾರ್ಮಿಕ ಇಲಾಖೆಗೆ ತಕರಾರು ಸಲ್ಲಿಸಬಹುದು.

ಬೇರಿಂಗ್ ಓಡಿ ಓಡಿ ಸವೆಯುವ ವಸ್ತು. ಟೈರ್ ಸವೆದದ್ದು ಹೇಗೆ ಡ್ರೈವರಿನ ತಪ್ಪಲ್ಲವೋ ಇದೂ ಹಾಗೆ. ಆದರೆ ಸದ್ದು ಕೇಳಿಯೂ ಸುಮ್ಮನಿದ್ದು ಹಬ್ ಹಾಳಾಯಿತು ಅನ್ನಿ, ಆಗ ನಿಮ್ಮ ಮೇಲೆ ಬೆರಳು ತೋರಿಸೋಕೆ ಜಾಗ ಸಿಗುತ್ತೆ. ಆ ಜಾಗ ಕೊಡಬೇಡಿ. ಸದ್ದು ಕೇಳಿದ ದಿನವೇ ಸೂಪರ್‌ವೈಸರಿಗೆ ವಾಟ್ಸಾಪ್ ಮಾಡಿ. ಬಾಯಲ್ಲಿ ಹೇಳಿದರೆ ಸಾಲದು. ಗಾಡಿ ನಂಬರ್, ಎಷ್ಟು ಕಿಲೋಮೀಟರ್ ಓಡಿದೆ, ಯಾವ ಚಕ್ರ, ಇಷ್ಟು ಬರೆಯಿರಿ. ಮೀಟರಿನ ಫೋಟೋ ಹಾಕಿ. ಸದ್ದನ್ನು ರೆಕಾರ್ಡ್ ಮಾಡಬೇಕಿದ್ದರೆ ಪಕ್ಕದಲ್ಲಿ ಕೂತವರು ಮಾಡಲಿ, ಓಡಿಸುತ್ತಾ ನೀವು ಮಾಡಬೇಡಿ. ರಿಪೇರಿ ಆದ ಮೇಲೆ ಬಿಲ್ಲಿನ ಫೋಟೋ, ಹಳೇ ಬೇರಿಂಗಿನ ಫೋಟೋ ಎರಡೂ ಇರಲಿ. ಉತ್ತರ ಬರಲಿಲ್ಲ ಅಂದರೆ ಮರುದಿನ ಮತ್ತೆ ಬರೆಯಿರಿ. ಸಂಬಳದಲ್ಲಿ ಹಿಡಿದರೆ ಈ ಫೋಟೋ, ಮೆಸೇಜುಗಳೇ ನಿಮ್ಮ ಸಾಕ್ಷಿ. ದಾರಿ ಗೊತ್ತಾಗದಿದ್ದರೆ ಭಾರತೀಯ ರಾಯಭಾರ ಕಚೇರಿಯ ಅಡಿಯಲ್ಲಿರುವ ಐಸಿಬಿಎಫ್‌ನವರನ್ನು ಕೇಳಿ.

ಈ ಶುಕ್ರವಾರ ಬಿಡುವಾದಾಗ ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ರೇಡಿಯೋ ಬಂದ್ ಮಾಡಿ, ಕಿಟಕಿ ಇಳಿಸಿ, ಖಾಲಿ ರಸ್ತೆಯಲ್ಲಿ ಎರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ ಕೇಳಿ. ಏನೂ ಸದ್ದಿಲ್ಲದಿದ್ದರೆ ಸಂತೋಷ. ಇದ್ದರೆ ಅವತ್ತೇ ಮೆಸೇಜ್ ಹೋಗಲಿ.

ಮುಂದಿನ ತಿಂಗಳು: ರಜೆ ಸಂಬಳದ ಲೆಕ್ಕ ಹಾಕೋದು ಹೇಗೆ.