ಎಳೆಯರ ಕಲಾಭ್ಯಾಸ ಮತ್ತು ಹಿರಿಯರ ಹೊಣೆ

ಎಳೆಯ ಮಗುವಿನ ಕೈಗೆ ಸೀಮೆಸುಣ್ಣದ ಚೂರೊಂದು ದೊರೆತರೆ ಸಾಕು, ಮನೆಯ ಅಂಗಳವೇ ಅದಕ್ಕೆ ಹಾಳೆಯಾಗುತ್ತದೆ. ಅಕ್ಷರ ತಿದ್ದುವುದಕ್ಕೆ ಮೊದಲೇ ಮಗು ಗೆರೆಯ ಮೂಲಕ ತನ್ನ ಮನಸ್ಸನ್ನು ಹೇಳತೊಡಗಿರುತ್ತದೆ. ಈ ಸಹಜಶಕ್ತಿಯನ್ನು ಪೋಷಿಸುವುದು ಪ್ರಾಥಮಿಕ ಶಾಲೆಯ ಮುಖ್ಯ ಕರ್ತವ್ಯಗಳಲ್ಲೊಂದು. ಆದರೆ ಕಲೆಯ ಹೆಸರಿನಲ್ಲಿ ಇಂದು ಅನೇಕ ಶಾಲೆಗಳಲ್ಲಿ ನಡೆಯುತ್ತಿರುವುದೇನೆಂಬುದನ್ನು ಶಿಕ್ಷಕರೂ ದಾನಿಗಳೂ ಆಲೋಚಿಸಬೇಕಾಗಿದೆ.

‘ಪ್ರಾಜೆಕ್ಟ್’ ಎಂದು ಮಕ್ಕಳಿಗೆ ಒಪ್ಪಿಸಿ ಮನೆಗೆ ಕಳುಹಿಸುವ ಕೆಲಸವನ್ನೇ ನೋಡಬಹುದು. ಥರ್ಮಾಕೋಲಿನ ಗುಡಿ, ಮಿನುಗುಕಾಗದದ ಸೂರ್ಯ, ಅಂಗಡಿಯಿಂದ ಕೊಂಡು ಅಂಟಿಸಿದ ಚಿತ್ರಗಳು ವಸ್ತುಪ್ರದರ್ಶನದ ದಿನ ಮೇಜಿನ ಮೇಲೆ ಮೆರೆಯುತ್ತವೆ. ಇವುಗಳಲ್ಲಿ ದುಡಿದ ಕೈ ಬಹುಮಟ್ಟಿಗೆ ತಾಯಿತಂದೆಯರದು. ಜೋಗುಪಾಳ್ಯದಂತಹ ಸ್ಥಳದಲ್ಲಿ ಇದರ ಪರಿಣಾಮ ಇನ್ನೂ ತೀಕ್ಷ್ಣವಾದುದು. ಹಲಸೂರಿಗೂ ಇಂದಿರಾನಗರಕ್ಕೂ ನೆರೆಯಾದ ಈ ಹಳೆಯ ವಸತಿಯಲ್ಲಿ ದಿನಗೂಲಿಯವರೂ ಇದ್ದಾರೆ, ಅನುಕೂಲಸ್ಥರೂ ಇದ್ದಾರೆ. ಕತ್ತಲಾದ ಮೇಲೆ ದುಡಿಮೆಯಿಂದ ಮರಳುವ ತಾಯಿಗೆ ಥರ್ಮಾಕೋಲು ಕೊಳ್ಳುವ ಹಣವೂ ಇಲ್ಲ, ಕತ್ತರಿಸುವ ಬಿಡುವೂ ಇಲ್ಲ. ಅವಳ ಮಗು ತಾನೇ ಬರೆದು ತಂದ ಚಿತ್ರ ಮೂಲೆ ಸೇರುತ್ತದೆ. ಸ್ವಂತ ದುಡಿಮೆಗೆ ಬೆಲೆಯಿಲ್ಲವೆಂಬ ಪಾಠವನ್ನು ಆ ಮಗು ಅಂದೇ ಕಲಿಯುತ್ತದೆ. ಕಾಯಕವನ್ನು ತತ್ತ್ವವಾಗಿ ಸಾರಿದ ಪರಂಪರೆಯ ಶಾಲೆಯಲ್ಲಿ ಅನ್ಯರ ಕೈಕೆಲಸಕ್ಕೆ ಬಹುಮಾನ ಸಲ್ಲುವುದು ಸಂಗತವಲ್ಲ.

ಮಕ್ಕಳ ಚಿತ್ರವು ದೊಡ್ಡವರ ಚಿತ್ರದ ಕೆಟ್ಟ ಪ್ರತಿಯಲ್ಲವೆಂಬುದನ್ನು ಜಗತ್ತು ಅರಿತು ಬಹುಕಾಲವಾಯಿತು. 1897ರಲ್ಲಿಯೇ ವಿಯೆನ್ನಾ ನಗರದಲ್ಲಿ ಫ್ರಾಂಜ್ ಚಿಜೆಕ್ ಎಂಬ ಶಿಕ್ಷಕರು ಮಕ್ಕಳಿಗಾಗಿಯೇ ಕಲಾತರಗತಿಯನ್ನು ತೆರೆದು, ಸ್ವೇಚ್ಛೆಯಿಂದ ಚಿತ್ರಿಸಲು ಅವಕಾಶವಿತ್ತರು. ವಿಕ್ಟರ್ ಲೋವೆನ್‌ಫೆಲ್ಡರು 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಚಿತ್ರರಚನೆಯ ಹಂತಗಳನ್ನು ವಿವರಿಸಿದರು. ಏಳೆಂಟು ವರ್ಷದ ಮಗು ಹಾಳೆಯ ಕೆಳಗೊಂದು ನೆಲದ ಗೆರೆಯನ್ನೆಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುತ್ತದೆ. ತನಗೆ ಮುಖ್ಯವೆನಿಸಿದುದನ್ನು ದೊಡ್ಡದಾಗಿ ಬರೆಯುತ್ತದೆ. ಮನೆಗಿಂತ ಅಮ್ಮ ಎತ್ತರವಾಗಿದ್ದರೆ ಅದು ತಪ್ಪಲ್ಲ, ಅದು ಮಗುವಿನ ಅಳತೆ. ಅದನ್ನು ಕೆಂಪು ಶಾಯಿಯಿಂದ ತಿದ್ದುವುದು ಸಲ್ಲದು. ಭಾರತದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಕಲೆಯನ್ನು ವಿರಾಮದ ವಿನೋದವೆಂದು ಬಗೆಯದೆ, ಶಿಕ್ಷಣದ ಅಂಗವೆಂದು ಎತ್ತಿಹಿಡಿದಿದೆ.

ವಸ್ತುವಿಗಾಗಿ ದೂರ ಹೋಗಬೇಕಾದುದಿಲ್ಲ. ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕದಲ್ಲೊಂದು ತೆಂಗಿನಮರ: ಈ ಸಿದ್ಧಚಿತ್ರವನ್ನು ಜೋಗುಪಾಳ್ಯದ ಮಗು ಏಕೆ ನಕಲು ಮಾಡಬೇಕು? ಅದರ ಕಣ್ಣಮುಂದೆ ಹಲಸೂರಿನ ಸೋಮೇಶ್ವರನ ಗೋಪುರವಿದೆ, 2011ರಿಂದ ತಲೆಯ ಮೇಲೆ ಓಡುತ್ತಿರುವ ಮೆಟ್ರೋ ರೈಲಿದೆ, ಹಲಸೂರು ಕೆರೆಯಿದೆ. 2016ರ ಮಾರ್ಚಿಯಲ್ಲಿ ಆ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಊರೇ ಕಂಡಿತು. ಕೆರೆಯನ್ನು ನೋಡಿ ನೋಡಿ ಚಿತ್ರಿಸಿದ ಮಗು ಮುಂದೆ ಅದರ ಕೇಡನ್ನು ಕಂಡು ಸುಮ್ಮನಿರಲಾರದು. ದಂಡುಪ್ರದೇಶದ ಪಾಟರಿ ಟೌನಿನಲ್ಲಿ ಕುಂಬಾರರು ಇಂದಿಗೂ ಜೇಡಿಮಣ್ಣಿಗೆ ರೂಪ ಕೊಡುತ್ತಿದ್ದಾರೆ. ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯುವುದು ಹತ್ತು ಪಾಠಕ್ಕೆ ಸಮಾನ. ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತುಕೊಳ್ಳುವ ಈ ಭಾಗದಲ್ಲಿ ಮಣ್ಣೂ ಬಣ್ಣವೂ ಎಲ್ಲರಿಗೂ ತಿಳಿದ ಭಾಷೆ.

ಆದುದರಿಂದ ಕಲೆಯ ಕೆಲಸ ಶಾಲೆಯಲ್ಲಿಯೇ, ಶಾಲೆಯ ವೇಳೆಯಲ್ಲಿಯೇ ನಡೆಯಲಿ. ಸಾಮಗ್ರಿ ಶಾಲೆಯದಾಗಿರಲಿ, ಎಲ್ಲರಿಗೂ ಒಂದೇ ಆಗಿರಲಿ. ಅಂದವಾದ ಒಂದನ್ನಷ್ಟೇ ಆರಿಸದೆ ಪ್ರತಿಯೊಂದು ಮಗುವಿನ ಚಿತ್ರವನ್ನೂ ಅದರ ಹೆಸರಿನೊಡನೆ ಗೋಡೆಗೆ ತೂಗಹಾಕಲಿ. ಹಿತ್ತಾಳೆಯ ಪಾರಿತೋಷಕಗಳಿಗೆ ಹಣ ನೀಡುವ ಉದಾರಿಗಳು ಒಂದು ವರ್ಷ ಅದೇ ಹಣವನ್ನು ಮಣ್ಣು, ಕಾಗದ, ಬಣ್ಣ, ಕುಂಚಗಳಿಗಾಗಿ ಕೊಡಲಿ. ಆ ದಾನದ ಫಲ ಬೀರುವಿನ ಗಾಜಿನ ಹಿಂದೆ ಹೊಳೆಯದಿರಬಹುದು. ಕೆಸರು ಮೆತ್ತಿದ ನೂರಾರು ಪುಟ್ಟ ಕೈಗಳಲ್ಲಿ ಕಾಣಿಸೀತು.