ಧ್ರುವನು ಅಚಲನೇ?

ಬೇಸಿಗೆಯ ಇರುಳಿನಲ್ಲಿ ಅಂಗಳದಲ್ಲಿ ಕುಳಿತು ಆಕಾಶವನ್ನು ನೋಡುವ ಮಕ್ಕಳಿಗೆ ಹಿರಿಯರು ಮೊದಲು ತೋರಿಸಿಕೊಡುವ ನಕ್ಷತ್ರಗಳಲ್ಲಿ ಧ್ರುವವೂ ಒಂದು. ಮಲತಾಯಿಯ ಮಾತಿನಿಂದ ನೊಂದು, ತಂದೆಯ ತೊಡೆಯ ಮೇಲೆ ಕೂಡುವ ಭಾಗ್ಯದಿಂದ ವಂಚಿತನಾಗಿ, ಅರಣ್ಯಕ್ಕೆ ತೆರಳಿ ತಪಸ್ಸು ಮಾಡಿದ ಬಾಲಕನಿಗೆ ಎಂದೂ ಕದಲದ ಪದವಿ ದೊರೆಯಿತೆಂಬ ಕಥೆಯನ್ನು ನಮ್ಮಲ್ಲಿ ಕೇಳದವರು ವಿರಳ. ವಿವಾಹದಲ್ಲಿ ವಧೂವರರಿಗೆ ಧ್ರುವದರ್ಶನ ಮಾಡಿಸುವ ಪದ್ಧತಿಯೂ ಉಂಟು. ‘ಧ್ರುವ’ ಎಂಬ ಶಬ್ದಕ್ಕೇ ಸ್ಥಿರವಾದುದು ಎಂದು ಅರ್ಥ.

ಆದರೆ ಖಗೋಳವಿಜ್ಞಾನಿಗಳು ಹೇಳುವುದೇ ಬೇರೆ. ಈ ನಕ್ಷತ್ರ ಸ್ಥಿರವಲ್ಲ. ಅದರ ಬೆಳಕೂ ಸ್ಥಿರವಲ್ಲ. ಇದನ್ನು ಕೇಳಿದ ಕೆಲವರು, ವಿಜ್ಞಾನವು ಧ್ರುವನನ್ನು ಅವನ ಪೀಠದಿಂದ ಕೆಳಗಿಳಿಸಿತೆಂದು ವ್ಯಥೆಪಡುತ್ತಾರೆ. ಈ ವ್ಯಥೆಗೆ ಕಾರಣವಿಲ್ಲವೆಂದು ನನ್ನ ಅಭಿಪ್ರಾಯ. ಏಕೆಂಬುದನ್ನು ವಿಚಾರಿಸುವ ಮೊದಲು ಈ ನಕ್ಷತ್ರದ ಸ್ವರೂಪವನ್ನು ತಿಳಿಯೋಣ.

ಧ್ರುವವು ಹಳದಿ ಬಣ್ಣದ ಮಹಾದೈತ್ಯ ನಕ್ಷತ್ರಗಳ ವರ್ಗಕ್ಕೆ ಸೇರಿದೆ. ಅದರ ಮೇಲ್ಮೈಯ ಉಷ್ಣತೆ ಸುಮಾರು 6,000 ಡಿಗ್ರಿ. ಇದು ನಮ್ಮ ಸೂರ್ಯನ ಉಷ್ಣತೆಗಿಂತ ಬಹಳವೇನೂ ಹೆಚ್ಚಲ್ಲ. ಆದರೂ ಅದು ಸೂರ್ಯನಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಬೆಳಕನ್ನು ಚೆಲ್ಲುತ್ತದೆ. ಇದಕ್ಕೆ ಕಾರಣ ಅದರ ಗಾತ್ರ. ಧ್ರುವದ ವ್ಯಾಸ ಸೂರ್ಯನ ವ್ಯಾಸದ ಸುಮಾರು 46 ಪಟ್ಟು. ಅಂದರೆ ಅದರ ಒಡಲಿನಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಸೂರ್ಯರನ್ನು ಅಡಗಿಸಬಹುದು. ಆದರೆ ಅದರಲ್ಲಿರುವ ದ್ರವ್ಯ ಸುಮಾರು ಐದು ಸೂರ್ಯರಷ್ಟು ಮಾತ್ರ. ಇಷ್ಟು ಉಬ್ಬಿದ, ಇಷ್ಟು ವಿರಳವಾದ ಕಾಯವೊಂದು ಸಾಧಾರಣ ನಕ್ಷತ್ರವಾಗಿ ನಮಗೆ ಕಾಣುವುದಕ್ಕೆ ದೂರವೇ ಕಾರಣ. ಅದರ ಬೆಳಕು ನಮ್ಮನ್ನು ತಲುಪಲು 430ರಿಂದ 450 ವರ್ಷಗಳು ಬೇಕು. 1565ರಲ್ಲಿ ತಾಳಿಕೋಟೆಯ ಯುದ್ಧ ನಡೆದು ಕೆಲವು ವರ್ಷಗಳು ಕಳೆದ ಮೇಲೆ ಹೊರಟ ಕಿರಣ ಇಂದು ನಮ್ಮ ಕಣ್ಣನ್ನು ಸೇರುತ್ತಿದೆ.

ಇನ್ನು ಅದರ ಚಲನೆಯ ಮಾತು. ಆಕಾಶದ ಉತ್ತರ ಧ್ರುವಬಿಂದುವಿನಿಂದ ಈ ನಕ್ಷತ್ರ ಒಂದು ಡಿಗ್ರಿಗಿಂತ ಕಡಿಮೆ ದೂರದಲ್ಲಿದ್ದು, ದಿನಕ್ಕೊಮ್ಮೆ ಆ ಬಿಂದುವಿನ ಸುತ್ತ ಪುಟ್ಟದೊಂದು ವೃತ್ತವನ್ನು ಸುತ್ತುವಂತೆ ತೋರುತ್ತದೆ. ಇದಲ್ಲದೆ ಭೂಮಿಯ ಅಕ್ಷವು ತಿರುಗುವ ಬುಗುರಿಯ ಹಾಗೆ ಓಲಾಡುತ್ತ, ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಬರುತ್ತದೆ. ಆದ್ದರಿಂದ ಧ್ರುವಪದವಿ ಯಾವ ನಕ್ಷತ್ರಕ್ಕೂ ಶಾಶ್ವತವಲ್ಲ. ಸುಮಾರು ಐದು ಸಾವಿರ ವರ್ಷಗಳ ಹಿಂದೆ ಥೂಬನ್ ಎಂಬ ಮಂದ ನಕ್ಷತ್ರ ಆ ಸ್ಥಾನದ ಬಳಿ ಇತ್ತು. ಇನ್ನು ಸುಮಾರು ಹನ್ನೆರಡು ಸಾವಿರ ವರ್ಷಗಳ ಮೇಲೆ ಅಭಿಜಿತ್ ನಕ್ಷತ್ರ ಅದರ ಸಮೀಪಕ್ಕೆ ಬರಲಿದೆ.

ಎಲ್ಲಕ್ಕಿಂತ ಸ್ವಾರಸ್ಯವಾದುದು ಈ ನಕ್ಷತ್ರದ ಉಸಿರಾಟ. ಸುಮಾರು ನಾಲ್ಕು ದಿನಗಳಿಗೊಮ್ಮೆ ಅದು ಹಿಗ್ಗಿ ಕುಗ್ಗುತ್ತದೆ. ಅದರೊಡನೆ ಬೆಳಕೂ ಅತ್ಯಲ್ಪವಾಗಿ ಏರಿಳಿಯುತ್ತದೆ. ಹೊರಪದರದ ಹೀಲಿಯಂ ಅನಿಲವು ಒಳಗಿನ ಶಾಖವನ್ನು ತಡೆಹಿಡಿಯುವುದರಿಂದ ನಕ್ಷತ್ರ ಉಬ್ಬುತ್ತದೆ. ಉಬ್ಬಿದಾಗ ಶಾಖಕ್ಕೆ ದಾರಿ ದೊರೆತು ಹೊರಬೀಳುತ್ತದೆ. ಆಗ ನಕ್ಷತ್ರ ಮತ್ತೆ ಕುಗ್ಗುತ್ತದೆ. ಹಬೆಯು ಪಾತ್ರೆಯ ಮುಚ್ಚಳವನ್ನು ಎತ್ತಿ ಹೊರಬಿದ್ದ ಮೇಲೆ ಮುಚ್ಚಳ ಮರಳಿ ಕೂಡುವಂತೆಯೇ ಇದು. ಈ ಬಗೆಯ ನಕ್ಷತ್ರಗಳಿಗೆ ಸೀಫಿಡ್‌ಗಳೆಂದು ಹೆಸರು.

ಈ ಚಂಚಲತೆಯನ್ನು ದೋಷವೆನ್ನೋಣವೇ? ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ದುಡಿಯುತ್ತಿದ್ದ ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆಗೆ ಕಿವಿ ಮಂದವಾಗಿತ್ತು. ಆದರೆ ಆಕೆಯ ದೃಷ್ಟಿ ಸೂಕ್ಷ್ಮವಾಗಿತ್ತು. ಕಿರಿಯ ಮೆಗೆಲನ್ ಮೇಘದಲ್ಲಿರುವ ಇಂಥ 25 ನಕ್ಷತ್ರಗಳನ್ನು ಛಾಯಾಚಿತ್ರಗಳಲ್ಲಿ ತಾಳ್ಮೆಯಿಂದ ಅಳೆದು, ನಿಜವಾದ ಪ್ರಕಾಶ ಹೆಚ್ಚಿದಷ್ಟೂ ಏರಿಳಿತದ ಅವಧಿಯೂ ಹೆಚ್ಚುವುದೆಂಬ ನಿಯಮವನ್ನು ಆಕೆ 1912ರಲ್ಲಿ ಪ್ರಕಟಿಸಿದಳು. ಅವಧಿ ತಿಳಿದರೆ ನಿಜವಾದ ಪ್ರಕಾಶ ತಿಳಿಯುತ್ತದೆ. ಅದನ್ನು ಕಣ್ಣಿಗೆ ಕಾಣುವ ಪ್ರಕಾಶದೊಡನೆ ಹೋಲಿಸಿದರೆ ದೂರ ತಿಳಿಯುತ್ತದೆ. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮೀಡದಲ್ಲಿ ಒಂದು ಸೀಫಿಡನ್ನು ಗುರುತಿಸಿ, ಅದು ನಮ್ಮ ಆಕಾಶಗಂಗೆಯ ಹೊರಗಿರುವ ಇನ್ನೊಂದು ನಕ್ಷತ್ರಲೋಕವೆಂದು ಸಿದ್ಧಪಡಿಸಿದುದು ಈ ನಿಯಮದ ಬಲದಿಂದಲೇ. ಕದಲದ ನಕ್ಷತ್ರವು ದಿಕ್ಕನ್ನಷ್ಟೇ ತೋರಿಸಬಲ್ಲದು. ಮಿಡಿಯುವ ನಕ್ಷತ್ರಗಳು ವಿಶ್ವದ ವಿಸ್ತಾರಕ್ಕೇ ಅಳತೆಗೋಲಾದುವು.

ಇಲ್ಲಿ ವಿಜ್ಞಾನಿಗಳಿಗೂ ಒಂದು ಪಾಠವುಂಟು. ಇಪ್ಪತ್ತನೆಯ ಶತಮಾನದಲ್ಲಿ ಧ್ರುವದ ಏರಿಳಿತ ಕ್ರಮೇಣ ಕ್ಷೀಣಿಸುತ್ತ ಬಂದಿತು. ಅದು ನಿಂತೇಹೋಗುವುದೆಂದು ಹಲವರು ಊಹಿಸಿದರು. ಆದರೆ ಆ ಶತಮಾನದ ಕೊನೆಯ ಹೊತ್ತಿಗೆ ಅದು ಮರಳಿ ಹೆಚ್ಚತೊಡಗಿತು. ಊಹಿಸಿದವರು ನಕ್ಷತ್ರವನ್ನು ದೂಷಿಸಲಿಲ್ಲ. ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು. ಹೀಗೆ ತಿದ್ದಿಕೊಳ್ಳುವ ವಿನಯವೇ ವಿಜ್ಞಾನದ ಜೀವಾಳ.

ಎಲ್ಲವೂ ಚಲಿಸುವುದಾದರೆ ನೆಚ್ಚುವುದು ಯಾವುದನ್ನು ಎಂದು ನೀವು ಕೇಳಬಹುದು. ಧ್ರುವವು ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿ ಕಾಣುವುದೋ ಹೆಚ್ಚುಕಡಿಮೆ ಅಷ್ಟೇ ಆ ಸ್ಥಳದ ಅಕ್ಷಾಂಶ; ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ವಿಜಯಪುರದಲ್ಲಿ ಸುಮಾರು 17 ಡಿಗ್ರಿ. ನಾವಿಕರು ಇದನ್ನೇ ನಂಬಿ ಕಡಲನ್ನು ದಾಟಿದರು. ನಕ್ಷತ್ರ ತುಸು ಸರಿಯುವುದೆಂಬುದನ್ನು ಅರಿತ ನಾವಿಕನು ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ಇನ್ನೂ ಸರಿಯಾಗಿ ದಾರಿ ಹಿಡಿದನು. ನೆಚ್ಚಬೇಕಾದುದು ನಿಶ್ಚಲತೆಯನ್ನಲ್ಲ, ಚಲನೆಯೊಳಗಿನ ನಿಯಮವನ್ನು.

ಪುರಾಣದ ಕಥೆಯನ್ನು ನಾವು ಬಿಡಬೇಕಾಗಿಲ್ಲ. ಆ ಕಥೆ ಹೊಗಳುವುದು ಬಾಲಕನೊಬ್ಬನ ದೃಢಸಂಕಲ್ಪವನ್ನು. ಆ ಸಂಕಲ್ಪ ಇಂದಿಗೂ ನಮಗೆ ಆದರ್ಶವೇ. ಆದರೆ ಸಂಕಲ್ಪ ದೃಢವಾಗಿರಬೇಕು, ತಿಳಿವಳಿಕೆ ಬೆಳೆಯುತ್ತಿರಬೇಕು. ಇಂದು ರಾತ್ರಿ ಉತ್ತರ ದಿಕ್ಕಿಗೆ ಮುಖಮಾಡಿ ನಿಂತಾಗ, ಕಥೆಯ ಧ್ರುವನನ್ನೂ ಹಿಗ್ಗಿ ಕುಗ್ಗುವ ಈ ಹಳದಿ ಮಹಾದೈತ್ಯವನ್ನೂ ಒಟ್ಟಿಗೆ ನೆನೆಯಿರಿ. ಒಂದರಿಂದ ಇನ್ನೊಂದಕ್ಕೆ ಕುಂದಿಲ್ಲ.